1-1 ಮೊದಲೋ, 11 ಮೊದಲೋ?

ಈ ಬರಹ ಬಹಳ ದಿನಗಳಿಂದ ಅರ್ಧಕ್ಕೆ ನಿಂತಿತ್ತು. ಕತೆ, ಕವನ, ಚಾರಣದ ಫೋಟೋ ಹಾಕುವ ಗೆಳೆಯರ ನಡುವೆ ನಾನು ಲಿನಕ್ಸ್ ಸರ್ವರಿನ ಅಪ್‌ಗ್ರೇಡ್ ಬಗ್ಗೆ ಬರೆದರೆ ಯಾರು ಓದುತ್ತಾರೆ ಅಂತ ಪ್ರತಿಸಲ ಮುಚ್ಚಿಡುತ್ತಿದ್ದೆ. ಆದರೆ ಇದರಲ್ಲಿ ಒಬ್ಬ ಅಜ್ಜನ ಮನೆ ಕಾಣೆಯಾದ ಸಂಗತಿ ಉಂಟು, ಕಿಟ್ಟೆಲ್ ನಿಘಂಟು ಉಂಟು, ಗೋಳಿಬಜೆಯೂ ಉಂಟು. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ :)

ಕೊಡಿಯಾಲ್‌ಬೈಲ್‌ನಲ್ಲಿ ಒಂದು ಸಣ್ಣ ಆಫೀಸು. ಹೆಸರು ಬೇಡ, ತಪ್ಪು ಅವರದಲ್ಲ, ನನ್ನದು. ಸುತ್ತಮುತ್ತಲಿನ ಸುಮಾರು ಒಂಬತ್ತು ಸಾವಿರ ಮನೆಗಳ ಪಟ್ಟಿ ಅವರಲ್ಲಿದೆ. ಡೋರ್ ನಂಬರ್ ಹೊಡೆದರೆ ಮನೆಯವರ ಹೆಸರು, ವರ್ಷದ ಚಂದಾ ಕಟ್ಟಿದ್ದಾರೋ ಇಲ್ಲವೋ ಎಲ್ಲ ಬರುತ್ತದೆ. ಮೂಲೆಯಲ್ಲಿ ಕೂತ ಒಂದು ಹಳೇ ಕಂಪ್ಯೂಟರೇ ಸರ್ವರ್. ಅದರಲ್ಲಿ ಡೆಬಿಯನ್ ಲಿನಕ್ಸ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ನೋಡಿಕೊಳ್ಳುವವನು ನಾನು. ಸಂಬಳ ಅಂತ ಏನಿಲ್ಲ, ಚಹಾ ಮತ್ತು ಗೋಳಿಬಜೆ.

2019ರ ಡಿಸೆಂಬರಿನ ಒಂದು ಭಾನುವಾರ ಡೆಬಿಯನ್ 9 ಇದ್ದದ್ದನ್ನು 10ಕ್ಕೆ ಏರಿಸಿದೆ. ಒಂದೂವರೆ ಗಂಟೆಯ ಕೆಲಸ. ಎಲ್ಲ ಸರ್ವಿಸುಗಳೂ ಎದ್ದು ನಿಂತವು. ಡೇಟಾಬೇಸ್ ಎದ್ದಿತು, ವೆಬ್ ಸರ್ವರ್ ಎದ್ದಿತು, ಪ್ರಿಂಟರ್ ಕೂಡ ಒಂದು ಹಾಳೆ ಉಗುಳಿತು. ಖುಷಿಯಿಂದ ಮನೆಗೆ ಹೋಗಿ ಮಲಗಿದೆ.

ಸೋಮವಾರ ಮಧ್ಯಾಹ್ನ ಆಫೀಸಿನ ಅಕ್ಕನ ಫೋನು. "ಎಂಥ ಮಾರಾಯ್ರೆ ಮಾಡಿದ್ದು ನೀವು? ಇಲ್ಲೊಬ್ರು ಅಜ್ಜ ಬಂದಿದ್ದಾರೆ, ಅವ್ರ ಮನೆಯೇ ಕಾಣುದಿಲ್ಲ!" ನಲವತ್ತು ವರ್ಷದಿಂದ ಅದೇ ಮನೆಯಲ್ಲಿರುವ ಅಜ್ಜ. ಹೋದ ವಾರ ಕಟ್ಟಿದ ಚಂದಾದ ರಶೀದಿಯ ನಕಲು ಬೇಕಿತ್ತು. ಡೋರ್ ನಂಬರ್ ಹೊಡೆದರೆ ಅಂಥ ಮನೆಯೇ ಇಲ್ಲ ಅನ್ನುತ್ತದೆ ಕಂಪ್ಯೂಟರ್. ಅಕ್ಕ ಪಾಪ, ಅಜ್ಜನನ್ನು ಸುಮ್ಮನೆ ಕಳಿಸುವುದು ಹೇಗೆ ಅಂತ ಮನೆಯನ್ನು ಹೊಸದಾಗಿ ಸೇರಿಸಿದರು. ಅದನ್ನು ಕಂಪ್ಯೂಟರ್ ತೆಗೆದುಕೊಂಡಿತು ಕೂಡ. ಒಂದು ಡೋರ್ ನಂಬರ್ ಎರಡು ಸಲ ಬರಬಾರದು ಅಂತ ನಾನೇ ಕಟ್ಟುಪಾಡು ಹಾಕಿಟ್ಟ ಪಟ್ಟಿ ಅದು. ಸಂಜೆ ಹೋಗಿ ಇಡೀ ಪಟ್ಟಿ ಪ್ರಿಂಟ್ ಮಾಡಿ ನೋಡಿದರೆ ಅಜ್ಜನ ಮನೆ ಎರಡು ಸಲ ಕೂತಿದೆ. ಹಳೆಯದರಲ್ಲಿ ಚಂದಾ ಕಟ್ಟಿದೆ, ಹೊಸದರಲ್ಲಿ ಬಾಕಿ!

ಇದ್ದ ಮನೆ ಇಲ್ಲ ಅಂದದ್ದು ಯಾಕೆ? ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ನಾನು ಆ ಭಾನುವಾರ ರಾತ್ರಿ ಅಷ್ಟು ನಿಶ್ಚಿಂತೆಯಿಂದ ಮಲಗಿದ್ದೇಕೆ ಅನ್ನುವುದಕ್ಕೇ ಒಂದು ಇತಿಹಾಸ ಇದೆ.

ನಮ್ಮ ಕಡೆಯವರಿಗೆ ಲಿನಕ್ಸ್ ಸಿಕ್ಕಿದ್ದು ಸಿ.ಡಿ.ಯಲ್ಲಿ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯವರು ಲಿನಕ್ಸ್ ಸಿ.ಡಿ. ಹಂಚಲು ಶುರುಮಾಡಿದರು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಶುರುವಾದ 'ಲಿನಕ್ಸ್ ಬೆಂಗಳೂರು' ಸಮಾವೇಶ, ಮುಂದೆ 2005ರಲ್ಲಿ 'ಫಾಸ್ ಡಾಟ್ ಇನ್' ಆಗಿ 2012ರವರೆಗೆ ನಡೆದದ್ದು, ಅದರ ಹಿಂದೆಯೂ ಅವರೇ. 2013ರಲ್ಲಿ ತೀರಿಕೊಂಡರು. ಆ ಸಿ.ಡಿ. ಕಾಲದಲ್ಲಿ ಅಪ್‌ಗ್ರೇಡ್ ಅನ್ನುವ ಮಾತೇ ಇರಲಿಲ್ಲ ಅನ್ನಬಹುದು. ಹೊಸ ಸಿ.ಡಿ. ಬಂತು, ಹಳೆಯದನ್ನು ಅಳಿಸು, ಹೊಸದಾಗಿ ಹಾಕು. ಮನೆ ರಿಪೇರಿ ಮಾಡುವ ಬದಲು ಕೆಡವಿ ಕಟ್ಟಿದ ಹಾಗೆ.

ಡೆಬಿಯನ್‌ನವರ ಹಟ ಬೇರೆ. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಅದನ್ನು ಘೋಷಿಸಿದ. 1994ರಲ್ಲಿ ಡಿಪಿಕೆಜಿ ಅನ್ನುವ ಸಲಕರಣೆ ಬಂತು. ಮರ್ಡಾಕ್ ಬರೆದ ಮೊದಲ ರೂಪವನ್ನು ಇಯಾನ್ ಜಾಕ್ಸನ್ ಅನ್ನುವವನು ಪೂರ್ತಿ ಹೊಸದಾಗಿ ಸಿ ಭಾಷೆಯಲ್ಲಿ ಬರೆದ. 1999ರ ಡೆಬಿಯನ್ 2.1ರಲ್ಲಿ ಎಪಿಟಿ ಸೇರಿತು. ಅಲ್ಲಿಂದ ಮುಂದೆ ಕೂತಲ್ಲೇ, ಮನೆಯಲ್ಲಿ ವಾಸ ಇರುವಾಗಲೇ, ಪಾಯದಿಂದ ಮಾಡಿನವರೆಗೆ ಬದಲಾಯಿಸಬಹುದು ಅಂತಾಯಿತು.

ಸರ್ವಿಸು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ನೀವು ತೆರೆದು ಮುಚ್ಚುವ ತಂತ್ರಾಂಶಗಳ ಹಾಗಲ್ಲ ಅವು. ಯಂತ್ರ ಹೊತ್ತಿಕೊಂಡಾಗ ತಾವಾಗಿ ಎದ್ದು ಹಿಂದೆ ನಿಂತು ಕೆಲಸ ಮಾಡುತ್ತಲೇ ಇರುತ್ತವೆ. ಅಂಥದ್ದನ್ನು ಬದಲಿಸುವಾಗ ಹಳೆಯದನ್ನು ನಿಲ್ಲಿಸಬೇಕು, ಕಡತ ಬದಲಿಸಬೇಕು, ಬೇಕಾದರೆ ಹಳೇ ಡೇಟಾವನ್ನು ಹೊಸ ರೂಪಕ್ಕೆ ತರಬೇಕು, ಮತ್ತೆ ಎಬ್ಬಿಸಬೇಕು. ಇದಕ್ಕಾಗಿ ಪ್ರತಿ ಪ್ಯಾಕೇಜಿನ ಜೊತೆಗೂ ನಾಲ್ಕು ಚಿಕ್ಕ ಸ್ಕ್ರಿಪ್ಟುಗಳು ಬರಬಹುದು: ಹಾಕುವ ಮೊದಲು, ಹಾಕಿದ ಮೇಲೆ, ತೆಗೆಯುವ ಮೊದಲು, ತೆಗೆದ ಮೇಲೆ. ಎಡವಟ್ಟುಗಳ ತವರುಮನೆ ಇವೇ. ನೀವು ಕೈಯಾರೆ ತಿದ್ದಿಟ್ಟ ಸೆಟ್ಟಿಂಗ್ ಕಡತದ ಹೊಸ ರೂಪ ಬಂದರೆ ಡಿಪಿಕೆಜಿ ನಿಲ್ಲುತ್ತದೆ, ನಿಮ್ಮದೇ ಇಟ್ಟುಕೊಳ್ಳಲೋ ನಮ್ಮದು ಹಾಕಲೋ ಅಂತ ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ನೀವು ಏನು ತಿದ್ದಿದ್ದೀರಿ, ಯಾಕೆ ತಿದ್ದಿದ್ದೀರಿ ಅಂತ ಯಂತ್ರಕ್ಕೆ ಗೊತ್ತಾಗುವ ದಾರಿ ಇಲ್ಲ ಅಂತ ಅದು ಒಪ್ಪಿಕೊಂಡ ಜಾಗ ಅದು.

ಮೊದಮೊದಲು ಇದನ್ನೆಲ್ಲ ಪರೀಕ್ಷೆ ಮಾಡುತ್ತಿದ್ದವರು ಮನುಷ್ಯರೇ. ಪ್ಯಾಕೇಜು ತಯಾರಿಸಿದವರು ತಮ್ಮ ಯಂತ್ರದಲ್ಲಿ ಹಾಕಿ ನೋಡುವುದು, ಉತ್ಸಾಹಿಗಳು ಬಿಡುಗಡೆಗೆ ಮುಂಚೆ ಹಾಕಿ ಬೈಯುವುದು. ಪ್ಯಾಕೇಜುಗಳು ನೂರರಲ್ಲಿ ಇದ್ದಾಗ ನಡೆಯಿತು. ಸಾವಿರ ಸಾವಿರ ಆದಾಗ ಹೇಗೆ ನಡೆದೀತು?

2005ರಲ್ಲಿ ಫಿನ್ಲೆಂಡಿನ ಲಾರ್ಸ್ ವಿರ್ಜೇನಿಯಸ್ ಒಂದು ಸಲಕರಣೆ ಬರೆದ, ಹೆಸರು ಪ್ಯೂಪಾರ್ಟ್ಸ್. ಉಪಾಯ ಬಹಳ ಸರಳ. ಒಂದು ಖಾಲಿ ಡೆಬಿಯನ್ ಗೂಡು ಕಟ್ಟು. ಅದರಲ್ಲಿರುವ ಎಲ್ಲ ಕಡತಗಳ ಪಟ್ಟಿ ಬರೆದಿಟ್ಟುಕೋ. ಪ್ಯಾಕೇಜು ಹಾಕು, ಅಪ್‌ಗ್ರೇಡ್ ಮಾಡು, ಆಮೇಲೆ ಬೇರುಸಮೇತ ತೆಗೆ. ಈಗ ಪಟ್ಟಿಯನ್ನು ಮತ್ತೆ ನೋಡು. ಒಂದು ಕಡತ ಹೆಚ್ಚು ಉಳಿದಿದ್ದರೂ, ಒಂದು ಕಳೆದಿದ್ದರೂ ಪ್ಯಾಕೇಜು ಫೇಲು. ಬಾಡಿಗೆ ಮನೆ ಬಿಡುವಾಗ ಯಜಮಾನ ಗೋಡೆಯ ಮೊಳೆ ಎಣಿಸುತ್ತಾನಲ್ಲ, ಥೇಟ್ ಹಾಗೇ. ಮುಂದೆ ಹೋಲ್ಗರ್ ಲೆವ್ಸನ್ ಮತ್ತಿತರರು ಇದನ್ನು ಡೆಬಿಯನ್ನಿನ ಇಡೀ ಭಂಡಾರದ ಮೇಲೆ ಹಗಲೂ ರಾತ್ರಿ ಓಡಿಸತೊಡಗಿದರು.

ಮೊಳೆ ಎಣಿಸಿ ಏನು ಪ್ರಯೋಜನ ಅನ್ನಬೇಡಿ. 2011ರ ಫೆಬ್ರವರಿ 6ರಂದು ಡೆಬಿಯನ್ 6 ಬಂತು. ನಾವು ಕನ್ನಡಿಗರು ನೆನಪಿಡಬೇಕಾದ ಬಿಡುಗಡೆ ಅದು, ಯಾಕೆಂದರೆ ಇನ್‌ಸ್ಟಾಲ್ ಮಾಡುವಾಗ ಕನ್ನಡ ಆರಿಸಿಕೊಳ್ಳುವ ಅವಕಾಶ ಅದರಲ್ಲೇ ಮೊದಲು ಬಂದದ್ದು. ಅದೂ ಚಿತ್ರದ ಪರದೆಯಲ್ಲಿ ಮಾತ್ರ. ಬರೀ ಅಕ್ಷರದ ಕಪ್ಪು ಪರದೆಗೆ ನಮ್ಮ ಒತ್ತಕ್ಷರ ಕೂಡಿಸಲು ಬರುವುದಿಲ್ಲವಲ್ಲ! ಅದೇ ಬಿಡುಗಡೆಯಲ್ಲಿ ಸರ್ವಿಸುಗಳು ಏಳುವ ಕ್ರಮವೂ ಬದಲಾಯಿತು. ಮೊದಲು ನಂಬರ್ ಪ್ರಕಾರ ಸಾಲಾಗಿ ಏಳುತ್ತಿದ್ದವು. ಈಗ ಯಾರಿಗೆ ಯಾರು ಬೇಕು ಅನ್ನುವುದನ್ನು ನೋಡಿ ಏಳತೊಡಗಿದವು. ಎಷ್ಟೋ ಹಳೇ ಯಂತ್ರಗಳಲ್ಲಿ ಈ ಬದಲಾವಣೆ ಆಗಲು ಒಪ್ಪಲಿಲ್ಲ. ಕಾರಣ? ಯಾವತ್ತೋ ತೆಗೆದುಹಾಕಿದ ಪ್ಯಾಕೇಜುಗಳು ಬಿಟ್ಟುಹೋದ ಸ್ಕ್ರಿಪ್ಟುಗಳು ಒಳಗೆ ಬಿದ್ದಿದ್ದವು. ಮೊಳೆ ಎಣಿಸಬೇಕಾದದ್ದು ಇದಕ್ಕೇ.

ಆದರೆ ಪ್ಯೂಪಾರ್ಟ್ಸ್‌ನಲ್ಲಿ ಒಂದು ತಮಾಷೆ ಇತ್ತು. ಅದರ ಗೂಡು ಪೂರ್ತಿ ಯಂತ್ರವಲ್ಲ, ಹೊರಗಿನ ಯಂತ್ರದೊಳಗಿನ ಒಂದು ಕೋಣೆ. ಅಲ್ಲಿ ನಿಜವಾದ ಸರ್ವಿಸು ಎದ್ದುಬಿಟ್ಟರೆ ಹೊರಗಿನ ಯಂತ್ರಕ್ಕೆ ತೊಂದರೆ. ಅದಕ್ಕೆ ಯಾರೇ ಏಳಬೇಕು ಅಂತ ಕೇಳಿದರೂ 101 ಅಂತ ಉತ್ತರ ಕೊಡುವ ಒಂದು ಕಾವಲುಗಾರನನ್ನು ಇಡುತ್ತಿದ್ದರು. 101 ಅಂದರೆ ಅಪ್ಪಣೆ ಇಲ್ಲ ಅಂತ. ಹೀಗಾಗಿ ಸರ್ವಿಸುಗಳ ಅಪ್‌ಗ್ರೇಡ್ ಪರೀಕ್ಷೆಯಲ್ಲಿ ಸರ್ವಿಸು ಒಮ್ಮೆಯೂ ಓಡುತ್ತಿರಲಿಲ್ಲ! ಈಜು ಪರೀಕ್ಷೆಯನ್ನು ದಡದ ಮೇಲೆ ಮಾಡಿದ ಹಾಗೆ.

ಈ ಕೊರತೆ ಮತ್ತೊಬ್ಬರ ಕಣ್ಣಿಗೆ ಬಿತ್ತು. ಡಿಪಿಕೆಜಿ ಬರೆದ ಅದೇ ಇಯಾನ್ ಜಾಕ್ಸನ್ 2006ರಲ್ಲಿ ಉಬುಂಟು ಕಂಪನಿಯಾದ ಕೆನಾನಿಕಲ್‌ನಲ್ಲಿ ಇದ್ದಾಗ ಆಟೋ-ಪಿಕೆಜಿ-ಟೆಸ್ಟ್ ಅನ್ನುವುದನ್ನು ಶುರುಮಾಡಿದ. ಇದರಲ್ಲಿ ಪ್ಯಾಕೇಜನ್ನು ಹಾಕಿದ ಮೇಲೆ ಅದು ಕೆಲಸ ಮಾಡುತ್ತದೋ ಅಂತ ನೋಡುವ ಪರೀಕ್ಷೆ ಆ ಪ್ಯಾಕೇಜಿನೊಳಗೇ ಇರುತ್ತದೆ. ನನ್ನನ್ನು ಪರೀಕ್ಷಿಸಲು ಒಂದು ಪ್ರತ್ಯೇಕ ಕಂಟೇನರ್ ಸಾಕು, ಅಥವಾ ಇಲ್ಲ, ಇಡೀ ಯಂತ್ರವೇ ಬೇಕು ಅಂತ ಪರೀಕ್ಷೆ ಬರೆದವರು ಹೇಳಿಡಬಹುದು. ಮಾರ್ಟಿನ್ ಪಿಟ್ ಇದನ್ನು ಮುಂದೆ ಬಹಳ ಬೆಳೆಸಿದ. 2013ರ ಹೊತ್ತಿಗೆ ಉಬುಂಟುವಿನಲ್ಲಿ ಪರೀಕ್ಷೆ ಪಾಸಾಗದ ಪ್ಯಾಕೇಜಿಗೆ ಒಳಗೆ ಪ್ರವೇಶವೇ ಇಲ್ಲ ಅನ್ನುವ ಸ್ಥಿತಿ ಬಂತು. 2014ರಲ್ಲಿ ಬ್ರೆಜಿಲ್‌ನ ಆಂಟೋನಿಯೊ ಟೆರ್ಸೇರೊ ಡೆಬಿಯನ್ನಿಗೂ ಇಂಥದೇ ಏರ್ಪಾಡು ಕಟ್ಟಿಕೊಟ್ಟ. 2018ರಿಂದ ಡೆಬಿಯನ್ ಕೂಡ ಈ ಫಲಿತಾಂಶ ನೋಡಿಯೇ ಪ್ಯಾಕೇಜು ಎಷ್ಟು ದಿನ ಹೊರಗೆ ಕಾಯಬೇಕು ಅಂತ ತೀರ್ಮಾನಿಸತೊಡಗಿತು.

ಓಪನ್‌ಸೂಸೆಯವರ ದಾರಿ ನನಗೆ ಇನ್ನೂ ಇಷ್ಟ. 2011ರಲ್ಲಿ ಅವರು ಓಪನ್‌ಕ್ಯೂಎ ಅನ್ನುವುದನ್ನು ಲೋಕಕ್ಕೆ ಪರಿಚಯಿಸಿದರು. ಅದು ಒಂದು ಹುಸಿ ಯಂತ್ರ ಹೊತ್ತಿಸಿ, ಮನುಷ್ಯರ ಹಾಗೆ ಕೀಲಿ ಒತ್ತಿ, ಪರದೆಯ ಚಿತ್ರ ನೋಡಿ, ಬರಬೇಕಾದದ್ದು ಬಂತೋ ಇಲ್ಲವೋ ಅಂತ ಹೇಳುತ್ತದೆ. ಹಳೇ ಆವೃತ್ತಿ ಹಾಕಿದ ಡಿಸ್ಕಿನ ನಕಲು ಇಟ್ಟುಕೊಂಡು ಅದನ್ನು ಹೊಸದಕ್ಕೆ ಏರಿಸಿಯೂ ನೋಡುತ್ತದೆ. ಫೆಡೋರಾದವರೂ ಇದನ್ನೇ ತೆಗೆದುಕೊಂಡರು.

ಇಷ್ಟೆಲ್ಲ ಇದ್ದೂ 2015ರ ಏಪ್ರಿಲ್‌ನಲ್ಲಿ ಡೆಬಿಯನ್ 8 ಬಂದಾಗ ಹಲವರಿಗೆ ಪೆಟ್ಟು ಬಿತ್ತು. ಅದರಲ್ಲಿ ಸರ್ವಿಸುಗಳನ್ನು ಎಬ್ಬಿಸುವ ಯಜಮಾನನೇ ಬದಲಾಗಿ ಸಿಸ್ಟಮ್‌ಡಿ ಬಂದಿತ್ತು. ಆ ಜಗಳದ ಪುರಾಣ ಇಲ್ಲಿ ಬೇಡ. ಒಂದು ಸಣ್ಣ ಸಂಗತಿ ಮಾತ್ರ: ಡಿಸ್ಕುಗಳ ಪಟ್ಟಿಯಲ್ಲಿ ಹೆಸರಿದ್ದು, ಹೊತ್ತಿಸುವಾಗ ಸಿಕ್ಕಿಸಿರದ ಡಿಸ್ಕನ್ನು ಹಳೇ ಯಜಮಾನ ಇರಲಿ ಬಿಡು ಅಂತ ಬಿಟ್ಟು ಮುಂದೆ ಹೋಗುತ್ತಿದ್ದ. ಹೊಸ ಯಜಮಾನ ಸ್ವಲ್ಪ ಹೊತ್ತು ಕಾದು, ತುರ್ತು ಪರದೆ ತೋರಿಸಿ ನಿಂತುಬಿಡುತ್ತಿದ್ದ. ಡೆಬಿಯನ್‌ನವರು ಬಿಡುಗಡೆಯ ಟಿಪ್ಪಣಿಯಲ್ಲಿ ಇದನ್ನು ಬರೆದೇ ಇದ್ದರು. ಓದುವವರು ಯಾರು! ಬ್ಯಾಕಪ್‌ಗೆ ಅಂತ ಒಂದು ಯುಎಸ್‌ಬಿ ಡಿಸ್ಕಿನ ಹೆಸರು ಬರೆದಿಟ್ಟು, ಅದನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವ ಆಫೀಸು ಯಾವ ಪರೀಕ್ಷಾ ಯಂತ್ರದಲ್ಲೂ ಇರುವುದಿಲ್ಲ. ಪರೀಕ್ಷೆಯ ಯಂತ್ರಗಳಿಗೆ ಹಳೇ ಡಿಸ್ಕೂ ಇಲ್ಲ, ಕಪಾಟೂ ಇಲ್ಲ, ಮರೆಗುಳಿ ಉಸ್ತುವಾರಿಯೂ ಇಲ್ಲ.

ಈಗ ಅಜ್ಜನ ಮನೆಗೆ ಬರೋಣ.

ಪೋಸ್ಟ್‌ಗ್ರೆಸ್ ವಿಷಯದಲ್ಲಿ ಡೆಬಿಯನ್ನಿನ ಏರ್ಪಾಡು ಬಹಳ ಜಾಣತನದ್ದು. ಅದನ್ನು ಮಾಡಿದವನೂ ಮಾರ್ಟಿನ್ ಪಿಟ್‌ನೇ. ಹೊಸ ಆವೃತ್ತಿ ಬಂದರೆ ಹಳೆಯದನ್ನು ಕಿತ್ತುಹಾಕುವುದಿಲ್ಲ. ಎರಡೂ ಪಕ್ಕಪಕ್ಕ ಇರುತ್ತವೆ. ನಿಮಗೆ ಪುರುಸೊತ್ತಾದಾಗ ಒಂದು ಆಜ್ಞೆ ಕೊಟ್ಟರೆ ಡೇಟಾ ಹಳೆಯದರಿಂದ ಹೊಸದಕ್ಕೆ ಹೋಗುತ್ತದೆ. ಇದಕ್ಕೆ ದೊಡ್ಡದೊಂದು ಪರೀಕ್ಷೆಗಳ ಕಟ್ಟೇ ಇದೆ, ಹಳೇ ಆವೃತ್ತಿಯಲ್ಲಿ ಡೇಟಾ ತುಂಬಿ ಹೊಸದಕ್ಕೆ ಏರಿಸಿ ಸರಿಯಿದೆಯೋ ಅಂತ ನೋಡುತ್ತದೆ. ಡೆಬಿಯನ್ 9ರಲ್ಲಿ ಪೋಸ್ಟ್‌ಗ್ರೆಸ್ 9.6 ಇತ್ತು, 10ರಲ್ಲಿ 11 ಬಂತು. ನಾನು ಆ ಭಾನುವಾರ 9.6 ಹೇಗೂ ಓಡುತ್ತಿದೆಯಲ್ಲ, ಡೇಟಾ ಸಾಗಿಸುವುದು ಮುಂದಿನ ವಾರ ಮಾಡಿದರಾಯಿತು ಅಂತ ಬಿಟ್ಟೆ. ಸೋಮಾರಿತನ.

ಡೇಟಾಬೇಸ್ ಬದಲಾಗಿರಲಿಲ್ಲ. ಆದರೆ ಅದರ ಕಾಲಡಿಯ ನೆಲ ಬದಲಾಗಿತ್ತು. ಎಲ್ಲ ತಂತ್ರಾಂಶಗಳೂ ನಿಂತಿರುವ ಜಿಲಿಬ್‌ಸಿ ಅನ್ನುವ ಮೂಲ ಲೈಬ್ರರಿ ಡೆಬಿಯನ್ 9ರಲ್ಲಿ 2.24 ಇದ್ದದ್ದು 10ರಲ್ಲಿ 2.28 ಆಯಿತು. 2018ರ ಆಗಸ್ಟ್ 1ರಂದು ಬಂದ ಆ 2.28ರಲ್ಲಿ ಅಕ್ಷರಗಳ ಅನುಕ್ರಮವನ್ನು ಅಂತಾರಾಷ್ಟ್ರೀಯ ಪ್ರಮಾಣಕ್ಕೆ ಸರಿಯಾಗಿ ಹೊಸದಾಗಿ ಜೋಡಿಸಿದ್ದರು. ಒಳ್ಳೇ ಕೆಲಸವೇ. ಆದರೆ ಪರಿಣಾಮ ನೋಡಿ. ಮೊದಲು ಹೋಲಿಸುವಾಗ ಅಡ್ಡಗೆರೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗಾಗಿ 11 ಮೊದಲು, 1-1 ಆಮೇಲೆ. ಹೊಸದರಲ್ಲಿ ಅಡ್ಡಗೆರೆಗೂ ಸ್ಥಾನ ಸಿಕ್ಕಿತು, ಅಂಕೆಗಳಿಗಿಂತ ಮುಂಚೆ. ಈಗ 1-1 ಮೊದಲು, 11 ಆಮೇಲೆ.

ಅಷ್ಟಕ್ಕೆ ಮನೆ ಹೇಗೆ ಕಾಣೆಯಾಗುತ್ತದೆ ಅನ್ನುತ್ತೀರಾ? ಕಿಟ್ಟೆಲ್ ನಿಘಂಟು ನೆನಪು ಮಾಡಿಕೊಳ್ಳಿ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಹೊರತಂದದ್ದು. ಅದರಲ್ಲಿ ಒಂದು ಶಬ್ದ ಬೇಕಾದರೆ ಮೊದಲಿಂದ ಓದುತ್ತಾ ಹೋಗುತ್ತೀರಾ? ಇಲ್ಲ. ನಡುವೆ ಎಲ್ಲೋ ತೆರೆಯುತ್ತೀರಿ, ಬೇಕಾದದ್ದು ಇದಕ್ಕಿಂತ ಹಿಂದೋ ಮುಂದೋ ಅಂತ ನೋಡುತ್ತೀರಿ, ಆ ಕಡೆ ಮಗುಚುತ್ತೀರಿ, ಮತ್ತೆ ನೋಡುತ್ತೀರಿ. ಹೀಗೆ ನಾಲ್ಕಾರು ಹಾರಿಕೆಯಲ್ಲಿ ಶಬ್ದ ಸಿಗುತ್ತದೆ. ಡೇಟಾಬೇಸಿನ ಇಂಡೆಕ್ಸ್ ಮಾಡುವುದೂ ಇದನ್ನೇ. ಈಗ ಯೋಚಿಸಿ, 'ಕ್ಷ' ಅನ್ನು ಕಕಾರದಲ್ಲಿ ಸೇರಿಸಿ ಜೋಡಿಸಿದ ನಿಘಂಟನ್ನು, ಅದು ವರ್ಣಮಾಲೆಯ ಕೊನೆಯಲ್ಲಿ ಬರುತ್ತದೆ ಅಂತ ಕಲಿತವನ ಕೈಗೆ ಕೊಟ್ಟರೆ? ಕೊನೆಯ ಪುಟ ನೋಡಿ 'ಕ್ಷಮೆ' ಈ ಪುಸ್ತಕದಲ್ಲಿ ಇಲ್ಲ ಅನ್ನುತ್ತಾನೆ. ಶಬ್ದ ಇದೆ, ಹುಡುಕಿದ್ದೂ ತಪ್ಪಲ್ಲ, ಆದರೂ ಸಿಗುವುದಿಲ್ಲ. ಸಿಗಲಿಲ್ಲವಾದ್ದರಿಂದ ತನ್ನ ಕ್ರಮದ ಪ್ರಕಾರ ಇನ್ನೊಂದು ಜಾಗದಲ್ಲಿ ಹೊಸದಾಗಿ ಬರೆದೂ ಬಿಡುತ್ತಾನೆ.

ನನ್ನ ಇಂಡೆಕ್ಸು ಹಳೇ ಕ್ರಮದಲ್ಲಿ ಕಟ್ಟಿದ್ದು. ಹುಡುಕುವವನು ಹೊಸ ಕ್ರಮದವನು. ಮತ್ತೆ ನಮ್ಮ ಮಂಗಳೂರಿನ ಡೋರ್ ನಂಬರುಗಳು ನಿಮಗೆ ಗೊತ್ತಲ್ಲ, ಅಡ್ಡಗೆರೆಯ ಮೇಲೆ ಅಡ್ಡಗೆರೆ! 3-12, 31-2, 312 ಇವೆಲ್ಲ ಹಳೇ ಕ್ರಮದಲ್ಲಿ ಅಕ್ಕಪಕ್ಕದ ಮನೆಗಳು. ಹೊಸದರಲ್ಲಿ ಒಂದು ಈ ಕೇರಿ, ಇನ್ನೊಂದು ಆ ಕೇರಿ. ಒಂಬತ್ತು ಸಾವಿರದಲ್ಲಿ ಇನ್ನೂರು ಚಿಲ್ಲರೆ ಮನೆಗಳು ಹೀಗೆ ಇದ್ದೂ ಇಲ್ಲದಂತೆ ಆಗಿದ್ದವು. ಉಳಿದವು ಸರಿಯಾಗಿ ಸಿಗುತ್ತಿದ್ದವು, ಹಾಗಾಗಿ ಯಾರಿಗೂ ಬೆಳಿಗ್ಗೆಯೇ ಗೊತ್ತಾಗಲಿಲ್ಲ.

ಇದು ನನಗೆ ಗೊತ್ತಾದದ್ದು ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ, ಪೋಸ್ಟ್‌ಗ್ರೆಸ್‌ನವರೇ ಇದರ ಬಗ್ಗೆ ಬರೆದಿಟ್ಟ ವಿಕಿ ಪುಟ ಓದಿ. 1-1 ಮತ್ತು 11 ಅನ್ನು ವಿಂಗಡಿಸಿ ನೋಡುವ ಪುಟ್ಟ ಪರೀಕ್ಷೆ ಅಲ್ಲಿಯದೇ.

ಡೆಬಿಯನ್ನಿನ ಪರೀಕ್ಷೆಗಳಿಗೆ ಇದು ಯಾಕೆ ಸಿಕ್ಕಿಬೀಳಲಿಲ್ಲ? ಮೊಳೆ ಎಣಿಸಿದರೆ ಲೆಕ್ಕ ಸರಿ. ಸರ್ವಿಸು ಎದ್ದಿದೆಯಾ, ಎದ್ದಿದೆ. ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದಾ, ಕೊಡುತ್ತದೆ. ಡೇಟಾ ಸಾಗಿಸುವ ಪರೀಕ್ಷೆಯೂ ಪಾಸು, ಯಾಕೆಂದರೆ ಅಲ್ಲಿ ಹಳೇ ಪೋಸ್ಟ್‌ಗ್ರೆಸ್ಸೂ ಹೊಸದೂ ಒಂದೇ ಯಂತ್ರದ ಒಂದೇ ಜಿಲಿಬ್‌ಸಿಯ ಮೇಲೆ ಕೂತಿರುತ್ತವೆ. ಆ ಯಂತ್ರ ಹುಟ್ಟಿ ಹತ್ತು ನಿಮಿಷ ಆಗಿರುತ್ತದೆ. ಅದಕ್ಕೆ ಎರಡು ವರ್ಷದ ಹಿಂದೆ ಕಟ್ಟಿದ ಇಂಡೆಕ್ಸು ಎಲ್ಲಿಂದ ಬರಬೇಕು? ಪರೀಕ್ಷೆ ಬರೆದವರನ್ನು ನಾನು ದೂರುವುದಿಲ್ಲ. ಅವರು ಇಲ್ಲದಿದ್ದರೆ ನನ್ನಂಥವನು ಡಿಸೆಂಬರಿನ ಭಾನುವಾರ ಒಂದೂವರೆ ಗಂಟೆಯಲ್ಲಿ ಒಂದು ಸರ್ವರ್ ಏರಿಸುವ ಧೈರ್ಯವನ್ನೇ ಮಾಡುತ್ತಿರಲಿಲ್ಲ. ನನ್ನ ಸಿಟ್ಟು ನನ್ನ ಮೇಲೆ. ಎಲ್ಲ ಹಸಿರು ಬಣ್ಣ ಇದೆ ಅಂತ ನೋಡಿದೆನೇ ಹೊರತು, ಹೋಗುವ ಮೊದಲು ಒಂದೇ ಒಂದು ಮನೆಯ ನಂಬರ್ ಹೊಡೆದು ನೋಡಲಿಲ್ಲ.

ಸರಿಮಾಡುವುದು ಸುಲಭ ಆಗಿತ್ತು, ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟುವ ಒಂದು ಸಾಲಿನ ಆಜ್ಞೆ. ಆದರೆ ಅವಳಿ ಮನೆಗಳು ಇರುವಾಗ ಅದು ಮುಂದೆ ಹೋಗಲಿಲ್ಲ. ಆ ಎರಡು ದಿನಗಳಲ್ಲಿ ಅಕ್ಕ ಹೊಸದಾಗಿ ಸೇರಿಸಿದ್ದು ಹದಿನಾಲ್ಕು ಮನೆ. ಒಂದೊಂದನ್ನೂ ರಶೀದಿ ಪುಸ್ತಕದ ಜೊತೆ ಇಟ್ಟು ತಾಳೆ ನೋಡಿ, ಯಾವುದು ನಿಜ ಯಾವುದು ನೆರಳು ಅಂತ ಅಕ್ಕನೇ ಕೂತು ಹೇಳಿದರು, ನಾನು ಅಳಿಸಿದೆ. ಅವತ್ತು ಗೋಳಿಬಜೆ ಸಿಗಲಿಲ್ಲ.

ಪೋಸ್ಟ್‌ಗ್ರೆಸ್‌ನವರು ಆಮೇಲೆ ಒಂದು ಕೆಲಸ ಮಾಡಿದರು. 2022ರ ಅಕ್ಟೋಬರಿನಲ್ಲಿ ಬಂದ 15ನೇ ಆವೃತ್ತಿಯಿಂದ, ತಾನು ಯಾವ ಅಕ್ಷರಕ್ರಮದ ಆವೃತ್ತಿಯ ಮೇಲೆ ಹುಟ್ಟಿದೆ ಅಂತ ಪ್ರತಿ ಡೇಟಾಬೇಸೂ ಬರೆದಿಟ್ಟುಕೊಳ್ಳುತ್ತದೆ. ಕೆಳಗಿನ ನೆಲ ಬದಲಾದರೆ ಎಚ್ಚರಿಸುತ್ತದೆ. ಎಚ್ಚರಿಸುತ್ತದೆ ಅಷ್ಟೇ, ಸರಿಮಾಡುವುದು ನಾವೇ.

ನಾನೂ ಒಂದು ಪರೀಕ್ಷೆ ಬರೆದುಕೊಂಡೆ, ಹದಿನೈದು ಸಾಲು. ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಓದು, ಪ್ರತಿ ಮನೆಯ ನಂಬರನ್ನು ಇಂಡೆಕ್ಸ್ ಮೂಲಕ ಹುಡುಕು, ಸಿಗದ್ದನ್ನು ಬರೆದಿಡು. ಇದನ್ನು ಓಡಿಸುವುದು ಖಾಲಿ ಯಂತ್ರದ ಮೇಲಲ್ಲ, ಆಫೀಸಿನ ಅದೇ ಕೊಳೆ ಯಂತ್ರದ ನಕಲಿನ ಮೇಲೆ. 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. ಚೌತಿ ರಜೆಯಲ್ಲಿ ಡಿಸ್ಕಿನ ನಕಲು ಮನೆಗೆ ತಂದು ಹುಸಿ ಯಂತ್ರದಲ್ಲಿ 12ರಿಂದ 13ಕ್ಕೆ ಏರಿಸಿದೆ. ಪೋಸ್ಟ್‌ಗ್ರೆಸ್ ಬಾಯಿಬಿಟ್ಟು ಹೇಳಿತು, ನಾನು ಹುಟ್ಟಿದ್ದು 2.36ರಲ್ಲಿ, ಈಗ ಇರುವುದು 2.41 ಅಂತ. ಸುಮ್ಮನೆ ಇಂಡೆಕ್ಸ್ ಎಲ್ಲ ಹೊಸದಾಗಿ ಕಟ್ಟಿಸಿ, ಹದಿನೈದು ಸಾಲು ಓಡಿಸಿದೆ. ಸಿಗದ ಮನೆ ಸೊನ್ನೆ. ಮುಂದಿನ ಭಾನುವಾರ ಆಫೀಸಿನ ನಿಜವಾದ ಯಂತ್ರದಲ್ಲೂ ಅದೇ ಮಾಡಿದೆ.

ಸೋಮವಾರ ಬೆಳಿಗ್ಗೆ ನಾನೇ ಹೋಗಿ ಎಲ್ಲ ಸರಿ ಉಂಟು ಅಂದೆ. ಅಕ್ಕ ನನ್ನ ಮಾತು ಕೇಳಿಸಿಕೊಂಡ ಹಾಗೆ ಮಾಡಿ, ಕನ್ನಡಕ ಹಾಕಿ, ಅಜ್ಜನ ಮನೆಯ ನಂಬರನ್ನು ತಾವೇ ಹೊಡೆದರು. ಬಂತು. ಒಂದೇ ಸಲ ಬಂತು. "ಆಯ್ತು, ಚಹಾ ಹೇಳ್ತೇನೆ, ಕೂತ್ಕೊಳ್ಳಿ" ಅಂದರು.